ಅರಿಶಿನದ ಬಟ್ಟೆ

ಬಾಯಿ ಜೋರಿನ ಮುದುಕಿ ಅಂತ ಹರಿಹರದ ನಮ್ಮ ಓಣಿಯಲ್ಲಿ ನನಗೆ ಹೆಸರಿದೆ. ಇರಲಿ ಬಿಡಿ. ಆದರೆ ಆ ದಿನ ದಾವಣಗೆರೆಯ ಆಸ್ಪತ್ರೆಯಲ್ಲಿ ಈ ಬಾಯಿ ತೆರೆಯುವುದರೊಳಗೆ ನನಗೆ ಜೀವ ಬಾಯಿಗೆ ಬಂತು.

ಮೊಮ್ಮಗಳು ಅನ್ನಪೂರ್ಣೆಗೆ ಆಗ ಐದು ವರ್ಷ. ವಾರಕ್ಕೊಮ್ಮೆ ಎಣ್ಣೆ, ಅರಿಶಿನ ಹಚ್ಚಿ ಎರೆಯುತ್ತಿದ್ದವಳು ನಾನೇ. ಮೈ ಹಳದಿಯಾದರೆ, ಅರಿಶಿನ ಚೆನ್ನಾಗಿ ಹತ್ತಿದೆ ಎಂದು ಹಿಗ್ಗಿದೆ. ನನ್ನ ಕಣ್ಣಿಗಿಷ್ಟು ಮಣ್ಣು ಹಾಕ! ಮಗುವಿನ ಕಣ್ಣೂ ಹಳದಿಯಾಗಿ, ಬಲಪಕ್ಕೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕ ಮೇಲೆಯೇ ರೈಲು ಹತ್ತಿಸಿ ಕರೆತಂದೆವು. ಪಿತ್ತ ಹರಿಯುವ ನಾಳ ಹುಟ್ಟಿನಿಂದಲೇ ಚೀಲದಂತೆ ಉಬ್ಬಿದೆ, ಪಿತ್ತ ಅಲ್ಲೇ ನಿಂತಿದೆ, ಆ ಚೀಲದಿಂದ ಕರುಳಿಗೆ ದಾರಿ ಮಾಡಿ ಹೊಲಿಯಬೇಕು ಎಂದರು ಡಾಕ್ಟರು ಶಿವಯೋಗಪ್ಪ.

ಹೊಲಿದರು. ಐದು ದಿನ ಕಳೆದರೂ ಮಗುವಿನ ಮಲ ಸುಣ್ಣದ ಹಾಗೆ ಬಿಳಿಯೇ ಇತ್ತು.

"ಹಳದಿ ಬಂದ್ರ ಪಿತ್ತ ಕರುಳಿಗೆ ಇಳೀತು ಅಂತ ಅರ್ಥ. ನಾಳೆ ಬೆಳಿಗ್ಗೆ ತನಕ ನೋಡ್ತೀನಿ. ಇಲ್ಲಾಂದ್ರ ಮತ್ತೆ ಹೊಟ್ಟೆ ಬಿಚ್ಚಬೇಕಾಗ್ತೈತೆ," ಎಂದರು ಡಾಕ್ಟರು. "ಕೆಳಗ ಬರೇ ಬಿಳಿ ಬಟ್ಟೆ ಹಾಸ್ರಿ."

ಬಿಳಿ ಬಟ್ಟೆಯಂತೆ! ಜೀವ ಇರುವ ಮಗುವಿನ ಕೆಳಗೆ ಯಾರಾದರೂ ಬರೀ ಬಿಳಿ ಹಾಸುತ್ತಾರೆಯೇ? ನಮ್ಮ ಮನೆಯಲ್ಲಿ ಕಾಯಿಲೆಯವರಿಗೆ ಹಳೇ ಸೀರೆಯ ತುಂಡನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ ಹಾಸುವುದು ಪದ್ಧತಿ. ಮರುದಿನ ಬೆಳಿಗ್ಗೆ ಸೊಸೆ ಕಸ್ತೂರಿ ಮುಖ ತೊಳೆಯಲು ಹೋದಾಗ, ಅಂಥದ್ದೊಂದನ್ನು ಬಿಳಿ ಬಟ್ಟೆಯ ಅಡಿಗೆ ಯಾರಿಗೂ ಕಾಣದಂತೆ ತೂರಿಸಿದೆ.

ಎಂಟು ಗಂಟೆಗೆ ಆಯಾ ರಹಮತ್ ಬೀ ಮಗುವಿನ ಕೆಳಗಿನ ಬಿಳಿ ಬಟ್ಟೆ ಎಳೆದವಳೇ ಕೂಗಿದಳು.

"ಹಳದಿ ಬಂತ್ರೀ ಡಾಕ್ಟ್ರೇ! ಹಳದಿ!"

ಡಾಕ್ಟರು ಓಡಿಬಂದರು. ನೀರಾಗಿ ಹೋದ ಮಲವೂ ಬಟ್ಟೆಯೂ ಒಂದೇ ಹಳದಿ. "ಸದ್ಯ, ಆಪರೇಷನ್ ಬ್ಯಾಡ," ಎಂದು ನಕ್ಕರು. ಕಸ್ತೂರಿ ನನ್ನ ತೋಳು ಹಿಡಿದು ಗಳಗಳ ಅತ್ತಳು.

ನಾನು ಹಾಸಿಗೆ ನೋಡಿದೆ. ನನ್ನ ಅರಿಶಿನದ ತುಂಡು ಅಲ್ಲೇ ಒದ್ದೆಯಾಗಿ, ಬಣ್ಣ ಬಿಟ್ಟು ಮುದುರಿತ್ತು. ಸುಮ್ಮನಿದ್ದುಬಿಡೇ ಮುದುಕಿ, ಕೂಸಿಗೆ ಇನ್ನೊಂದು ಕೊಯ್ತ ತಪ್ಪುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಅನ್ನಪೂರ್ಣೆ ನನ್ನ ಕಡೆ ತಿರುಗಿದಳು. ಅವಳ ಕಣ್ಣು ನಿನ್ನೆಗಿಂತ ಹಳದಿಯಾಗಿತ್ತು.

"ಡಾಕ್ಟ್ರೇ, ನಿಲ್ರಿ. ಅದು ಪಿತ್ತ ಅಲ್ಲ, ನನ್ನ ಅರಿಶಿನ."

"ಬುದ್ಧಿ ಐತೇನ್ರೀ ನಿಮಗ?" ಎಂದು ಡಾಕ್ಟರು ಬೈದರು. ತಾವೇ ನಿಂತು ಹೊಸ ಬಿಳಿ ಬಟ್ಟೆ ಹಾಸಿಸಿದರು. ಹತ್ತು ಗಂಟೆಗೆ ಮತ್ತೆ ನೋಡಿದರೆ ಅದೇ ಸುಣ್ಣ. ಮಗುವನ್ನು ಒಳಗೆ ಒಯ್ದರು.

"ಸುಮ್ನೆ ಇರಾಕ ಆಗ್ಲಿಲ್ಲೇನು ನಿಮಗ?" ಎಂದಳು ಕಸ್ತೂರಿ. ಆಮೇಲೆ ನನ್ನ ಜೊತೆ ಮಾತೇ ಬಿಟ್ಟಳು.

ಮಧ್ಯಾಹ್ನ ಡಾಕ್ಟರು ಹೊರಬಂದು, "ಹೊಲಿದ ದಾರಿಯೊಳಗ ರಕ್ತ ಹೆಪ್ಪುಗಟ್ಟಿತ್ತು. ತೆಗ್ದೀನಿ. ಇನ್ನು ಕಾಯೋದು," ಎಂದರು.

ಮೂರು ದಿನ ಕಸ್ತೂರಿ ನನ್ನನ್ನು ಮಂಚದ ಹತ್ತಿರ ಬಿಡಲಿಲ್ಲ. ವರಾಂಡದಲ್ಲಿ ಕೂತು, ನನ್ನ ಬಾಯಿಂದಲೇ ಕೂಸನ್ನು ಎರಡನೇ ಸಲ ಕೊಯ್ಯಿಸಿದೆನಲ್ಲಾ ಎಂದು ಹಣೆ ಚಚ್ಚಿಕೊಂಡೆ. ನಾಲ್ಕನೆಯ ಬೆಳಿಗ್ಗೆ ಅವಳೇ ಬಂದಳು. ಮಡಿಸಿ ತಂದ ಬಿಳಿ ಬಟ್ಟೆಯನ್ನು ನನ್ನ ಮುಂದೆ ಬಿಚ್ಚಿದಳು. ನಡುವೆ ಅರೆದ ಸಾಸಿವೆಯ ಬಣ್ಣ.

ಮಡಿ ಮಡಿ ಎಂದು ಮನೆಯವರ ಪ್ರಾಣ ತಿಂದವಳು ನಾನು. ಆ ಬಟ್ಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಬಿಸಿಲಿಗೆ ಹಿಡಿದೆ.

"ಕೆಳಗ ಏನೂ ಇಲ್ಲ ಅತ್ತಿ," ಎಂದಳು ಕಸ್ತೂರಿ. "ಮೂರು ಸಲ ನೋಡೀನಿ. ನೀವೂ ಬಂದು ಒಂದ್ಸಲ ನೋಡ್ರಿ."