ಹಿತ್ತಾಳೆಯ ಸ್ಪ್ಯಾನರ್

ಗಂಡನ ಹಡಗಿನ ಚೀಲವನ್ನು ಅವಳು ನೆಲಕ್ಕೆ ಸುರಿದಳು. ಉಪ್ಪುಗಟ್ಟಿದ ಅಂಗಿಗಳು, ಒಂಟಿ ಕಾಲುಚೀಲ.

"ನಿನ್ನೆ ತಾನೆ ಮಣ್ಣು ಮಾಡಿ ಬಂದಿದ್ದೀವಿ. ಇವತ್ತೇ ಒಗೀಬೇಕೇನೇ?" ಎಂದರು ಅತ್ತೆ.

"ಬಿಟ್ರೆ ಕೊಳೆ ತಾನಾಗಿ ಹೋಗಲ್ವಲ್ಲ, ಅತ್ತೆ."

ಕಾಲುಚೀಲ ಭಾರವಾಗಿತ್ತು. ಒಳಗೆ ಹಿತ್ತಾಳೆಯ ಸ್ಪ್ಯಾನರ್. ಅದರ ಬಾಯಿಗೆ ಹಸಿರು ಪೇಂಟು ಮೆತ್ತಿತ್ತು. ಅವಳು ಒಗೆಯುವುದನ್ನು ಬಿಟ್ಟು ಎದ್ದಳು.

*

ನಿನ್ನೆ ಗುಂಡಿಯ ಪಕ್ಕದಲ್ಲಿ ಸೋದರಮಾವ ಗೊಣಗಿದ್ದರು: "ಸಮುದ್ರದ ಹೊಟ್ಟೇಲಿ ಬೆಂಕಿ ಹುಡುಕ್ದ. ತನ್ನ ಎದೇಲಿ ಏನಾಗ್ತಿದೆ ಅಂತ ನೋಡ್ಕೊಳ್ಳಲಿಲ್ಲ."

ಅವನು ಹುಡುಕಿದ್ದು ಸಾಗರತಳದ ಕೆಳಗಿಂದ ಕಂಬದಂತೆ ಮೇಲೇಳುವ ಬಿಸಿ ಬಂಡೆಯನ್ನು. ಕಾಂತಕ್ಷೇತ್ರದ ಏರಿಳಿತ ಅಳೆಯುವ ಪೆಟ್ಟಿಗೆಗಳನ್ನು ತಳಕ್ಕಿಳಿಸಿ, ಕೆಲವು ವಾರ ಕಾದು, ಮೇಲೆತ್ತುತ್ತಿದ್ದರು. ಬಿಸಿ ಬಂಡೆಯಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಅದರ ಗುರುತು ಅಳತೆಯಲ್ಲಿ ಮೂಡುತ್ತದೆ. ಕೊನೆಯ ಪೆಟ್ಟಿಗೆಯಲ್ಲಿ ಯಾರೂ ಎಣಿಸದಷ್ಟು ಸ್ಪಷ್ಟವಾಗಿ ಮೂಡಿತ್ತು.

ಬೂಟಿನ ಮಣ್ಣು ಒರೆಸಿಕೊಳ್ಳುತ್ತ ಅವನ ಮುಖ್ಯಸ್ಥರು ದನಿ ತಗ್ಗಿಸಿದ್ದರು: "ಆ ಪೆಟ್ಟಿಗೆ ಲೆಕ್ಕಕ್ಕೆ ತಗೊಳ್ಳಲ್ಲಮ್ಮ. ಹಡಗಲ್ಲಿದ್ದ ನಮ್ಮ ಹಿತ್ತಾಳೆ ಸ್ಪ್ಯಾನರ್ ಅದನ್ನ ಮುಚ್ಚಿ ಇಳಿಸೋ ಹಿಂದಿನ ದಿನಾನೇ ಸಮುದ್ರಕ್ಕೆ ಬಿತ್ತು. ಅವನು ಕಬ್ಬಿಣದ್ದರಲ್ಲೇ ಮುಚ್ಚಿರ್ಬೇಕು. ಒಂದು ಚೂರು ಕಬ್ಬಿಣ ಅಂಟಿದ್ರೂ ಅಳತೆ ಕೆಟ್ಟ ಹಾಗೇ."

"ಅವರು ಹಾಗೆ ಮಾಡೋರಲ್ಲ."

"ಸಾಕ್ಷಿ ಬೇಕಲ್ಲಮ್ಮ."

*

ಆ ಪೆಟ್ಟಿಗೆಗಳನ್ನು ಜೋಡಿಸುವ ವರ್ಕ್‌ಶಾಪಿನ ಒಳಗೆ ಕಬ್ಬಿಣ ಒಯ್ಯುವಂತಿಲ್ಲ. ಅವಳು ತಲೆಯ ಪಿನ್ನುಗಳನ್ನೂ ಬೀಗದ ಕೈಯನ್ನೂ ಬಾಗಿಲ ಬಳಿಯ ತಟ್ಟೆಗೆ ಹಾಕಿದಳು. ಕೂದಲು ಬೆನ್ನಿಗೆ ಬಿತ್ತು. ಅವಳು ಬರಹೇಳಿದ್ದ ಮುಖ್ಯಸ್ಥರು ಬೆಲ್ಟು ಬಿಚ್ಚಿಟ್ಟು, ಪ್ಯಾಂಟು ಹಿಡಿದುಕೊಂಡು ನಿಂತಿದ್ದರು.

"ಅಯ್ಯೋ, ಇದು ನಂದು!" ಎಂದ ಅಲ್ಲಿನ ಮೆಕ್ಯಾನಿಕ್, ಅವಳು ಚಾಚಿದ ಸ್ಪ್ಯಾನರ್ ಕಂಡು. "ಹಡಗು ಹೊರಡೋ ಮುಂಚೆ ಬಂದು ಕೇಳ್ದ. ನನ್ನ ಹಲ್ಲುಜ್ಜೋ ಬ್ರಷ್ ಬೇಕಾದ್ರೆ ಕೇಳು, ಇದನ್ನ ಕೊಡಲ್ಲ ಅಂದೆ. ಬಿಡಲಿಲ್ಲ ಪುಣ್ಯಾತ್ಮ. ಯಾರಿಗೂ ತೋರಿಸಬೇಡ ಅಂತ ಆಣೆ ಹಾಕಿಸ್ಕೊಂಡು ಕೊಟ್ಟೆ."

ಅವನು ಒರೆಸಲು ಚಿಂದಿ ಎತ್ತಿಕೊಂಡ. ಅವಳು ಕೈ ಅಡ್ಡ ಹಿಡಿದಳು.

"ಒರೆಸಬೇಡಿ ಅಣ್ಣ. ಹಸಿರು ಬೋಲ್ಟು ಯಾವ ಪೆಟ್ಟಿಗೇದು?"

"ಕೊನೇದು. ಅದೊಂದಕ್ಕೇ ಹಸಿರು."

ಮುಖ್ಯಸ್ಥರು ಕೆಮ್ಮಿದರು. "ಬಿಚ್ಚುವಾಗ ಮೆತ್ತಿರಬಹುದು."

"ಬಿಚ್ಚಿದ್ದು ನೀವು, ಹಡಗು ಬಂದ್ಮೇಲೆ, ಇಲ್ಲೇ. ಆಗ ಇದು ನಮ್ಮನೇಲಿ, ಕಾಲುಚೀಲದಲ್ಲಿತ್ತು."

ಮೆಕ್ಯಾನಿಕ್ ಮೇಜಿನ ಮೇಲೆ ದಿಕ್ಸೂಚಿ ಇಟ್ಟ. ಹಿಂದಿರುಗಿದ ಪ್ರತಿ ಹತಾರವನ್ನೂ ಅವನು ಹೀಗೇ ಪರೀಕ್ಷಿಸಿ ಒಳಗಿಡುವುದು; ಕಬ್ಬಿಣದ ಚೂರಿದ್ದರೆ ಮುಳ್ಳು ತಿರುಗುತ್ತದೆ. ಅವಳು ಸ್ಪ್ಯಾನರನ್ನು ದಿಕ್ಸೂಚಿಯ ಗಾಜಿಗೆ ತಾಗುವಂತೆ ಇಟ್ಟು ಕೈ ತೆಗೆದಳು.

ಮೂವರೂ ಬಗ್ಗಿ ನೋಡಿದರು. ಮುಳ್ಳು ಅಲುಗಲಿಲ್ಲ.