ಹಳದಿ ಕಾರಿಗೆ ಸ್ಪೀಕರ್

ಅಣ್ಣನ ಫೋನು ಬಂದಾಗ ತಂಗಿ ಯಾರದೋ ಉಸಿರು ಕತ್ತರಿಸುತ್ತ ಕೂತಿದ್ದಳು. ಅದೇ ಅವಳ ಕೆಲಸ. ಪುಸ್ತಕಗಳನ್ನು ಗಟ್ಟಿಯಾಗಿ ಓದಿಸಿ ರೆಕಾರ್ಡ್ ಮಾಡುವ ಸ್ಟುಡಿಯೋದಲ್ಲಿ, ಓದಿದವರ ಕೆಮ್ಮು, ಎಂಜಲು ನುಂಗಿದ ಸದ್ದು, ಕುರ್ಚಿಯ ಕಿರುಗುಟ್ಟುವಿಕೆ, ವಾಕ್ಯಗಳ ನಡುವಿನ ಏದುಸಿರು ಇವನ್ನೆಲ್ಲ ಹುಡುಕಿ ತೆಗೆಯುವುದು. ಕಿಟಕಿಯಿಲ್ಲದ ಕೋಣೆ, ಗೋಡೆ ತುಂಬ ಬೂದು ಸ್ಪಂಜು, ಇಡೀ ದಿನ ತಲೆಗೆ ಹೆಡ್‌ಫೋನು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುವುದೂ ಅವಳಿಗೆ ಕೇಳಿಸುತ್ತದೆಂದು ಅಣ್ಣ ಅವಳಿಗೆ ‘ಕಿವಿ’ ಎಂದು ಹೆಸರಿಟ್ಟಿದ್ದ. ಆ ಹೆಸರು ಈಗ ಅವನ ಬಾಯಲ್ಲಿ ಮಾತ್ರ ಉಳಿದಿತ್ತು. ಅದೂ ಅವನಿಗೆ ಏನಾದರೂ ಬೇಕಾದಾಗ.

“ಏ ಕಿವಿ, ಭಾನುವಾರ ಬಿಡುವಿದ್ಯಾ? ಒಂದು ಕೆಲಸ ಇದೆ. ನಿನ್ನಿಂದಲೇ ಆಗಬೇಕು.”

ಕೆಲಸ ಏನೆಂದರೆ, ಅಣ್ಣ ಹಳದಿ ಬಣ್ಣದ ಒಂದು ಸ್ಪೋರ್ಟ್ಸ್ ಕಾರು ಕೊಂಡಿದ್ದ. ಟೈಲ್ಸ್ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು, ಮಕ್ಕಳು ಅವರವರ ದಾರಿ ಹಿಡಿದಿದ್ದರು, ಐವತ್ತು ದಾಟಿದ ಮೇಲೆ ಆಸೆಯೊಂದು ಎದ್ದು ಕೂತಿತ್ತು. ನೆಲಕ್ಕೆ ಅಂಟಿದಂತಿರುವ ಆ ಗಾಡಿ ಸ್ಟಾರ್ಟ್ ಆದರೆ ಬೀದಿಯ ಮಕ್ಕಳೆಲ್ಲ ನಿದ್ದೆಯಿಂದ ಏಳುತ್ತವೆಂದು ಅವನೇ ಹೆಮ್ಮೆಯಿಂದ ಹೇಳಿದ. ತೊಂದರೆ ಒಂದೇ. ಆ ಸದ್ದಿನಲ್ಲಿ ಹಾಡು ಕೇಳಿಸುವುದಿಲ್ಲ. ಒಳ್ಳೆಯ ಸ್ಪೀಕರ್ ಹಾಕಿಸಬೇಕು. ಅಂಗಡಿಗೆ ಹೋದರೆ ಹತ್ತಾರು ಬಗೆ ತೋರಿಸುತ್ತಾರೆ, ಅವನಿಗೆ ಎಲ್ಲವೂ ಒಂದೇ ಥರ ಕೇಳಿಸುತ್ತದೆ.

ತಂಗಿ ತಕ್ಷಣ ಹೂಂ ಎನ್ನಲಿಲ್ಲ. “ಬರ್ತೀನಿ. ಆದರೆ ಅದು ಮುಗಿದ ಮೇಲೆ ನೀನು ನನ್ನ ಜೊತೆ ಮನೆಗೆ ಬರಬೇಕು. ಅಮ್ಮನ್ನ ನೋಡಬೇಕು.”

“ಅದಕ್ಕೇನು, ಬರದೇ ಇರ್ತೀನಾ? ಸ್ಪೀಕರ್ ಹಾಕಿಸಿದ್ದೇ ತಡ, ಸೀದಾ ಅಮ್ಮನ ಹತ್ತಿರ. ಅವಳಿಗೆ ಹೇಳಬೇಡ, ಇದ್ದಕ್ಕಿದ್ದ ಹಾಗೆ ಹೋಗಿ ನಿಲ್ಲೋಣ.”

ಅಮ್ಮ ತಂಗಿಯ ಮನೆಯಲ್ಲಿದ್ದಳು, ಮೂರನೆಯ ಮಹಡಿಯಲ್ಲಿ. ಅಣ್ಣನ ಮನೆ ಅದೇ ಊರಿನಲ್ಲಿ, ಒಂದೇ ಬಸ್ಸಿನ ದಾರಿ. ಅಮ್ಮನ ಬೆನ್ನಿಗೆ ಆಪರೇಷನ್ ಆದಾಗ ಆಸ್ಪತ್ರೆಗೆ ಬಂದು, ಮಂಚದ ತುದಿಯಲ್ಲಿ ಕೂತು, ಡಾಕ್ಟರ ಜೊತೆ ನಗುನಗುತ್ತ ಮಾತಾಡಿ ಹೋದವನು ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಮುಂದಿನ ವಾರ ಬರುತ್ತೇನೆ ಎನ್ನುತ್ತಿದ್ದ. ಮುಂದಿನ ವಾರವೂ ಅದನ್ನೇ ಹೇಳುತ್ತಿದ್ದ. ಜಗಳವಿರಲಿಲ್ಲ, ಮನಸ್ತಾಪವಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ಅವನಿಗೆ ಬರಬೇಕೆಂದು ಅನ್ನಿಸುತ್ತಿರಲಿಲ್ಲ, ಅಷ್ಟೇ.

ಒಂದು ಸಂಜೆ ಅಮ್ಮ ಬಾಗಿಲ ಕಡೆಯೇ ನೋಡುತ್ತ ಕೂತಿದ್ದಳು. ಅದನ್ನು ಕಂಡು ತಂಗಿ ತಾನೇ ಕೊಂಡು ತಂದಿದ್ದ ಉಣ್ಣೆಯ ಶಾಲು ತೆಗೆದುಕೊಟ್ಟು, “ಅಣ್ಣ ಕೊಟ್ಟು ಕಳಿಸಿದ” ಎಂದುಬಿಟ್ಟಳು. ಅಮ್ಮ ಶಾಲನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದಳು. ಅಲ್ಲಿಂದ ಅದು ರೂಢಿಯಾಯಿತು. ಬೆನ್ನಿಗಿಡುವ ದಿಂಬು ಅಣ್ಣ ಕಳಿಸಿದ್ದು, ಮಂಚದ ಪಕ್ಕದ ರೇಡಿಯೋ ಅಣ್ಣ ಕಳಿಸಿದ್ದು, ಮೊನ್ನೆ ತಂದ ಮೆತ್ತನೆಯ ಚಪ್ಪಲಿಯೂ ಅಣ್ಣ ಕಳಿಸಿದ್ದು. ತಾನು ತಂದದ್ದೆಂದು ಹೇಳಿಕೊಳ್ಳಲು ತಂಗಿಗೆ ಉಳಿದದ್ದು ತರಕಾರಿ, ಸೋಪು, ಮಾತ್ರೆ.

ಭಾನುವಾರ ಅವಳು ಅಮ್ಮನಿಗೆ ಆಫೀಸಿನಲ್ಲಿ ಕೆಲಸವಿದೆ ಎಂದು ಹೇಳಿ ಹೊರಟಳು. ಅಂಗಡಿ ಗ್ಯಾರೇಜುಗಳ ಸಾಲಿನಲ್ಲಿತ್ತು. ಮುಂದೆ ಗಾಜಿನ ಕೋಣೆ, ಹಿಂದೆ ಎತ್ತರದ ತಗಡಿನ ಶೆಡ್ಡು. ಅಣ್ಣ ಆಗಲೇ ಬಂದು, ಕಾರಿಗೆ ಒರಗಿಕೊಂಡು, ಹೋಗಿಬರುವವರು ನೋಡುತ್ತಿದ್ದಾರೋ ಇಲ್ಲವೋ ಎಂದು ನೋಡುತ್ತಿದ್ದ. ಅವಳನ್ನು ಕಂಡಿದ್ದೇ ಹೆಗಲ ಮೇಲೆ ಕೈ ಹಾಕಿದ. “ನೋಡಿ, ಇವಳು ನನ್ನ ತಂಗಿ. ಇವಳ ಕಿವಿ ಅಂದರೆ ನಾಯಿಗೂ ನಾಚಿಕೆ ಆಗಬೇಕು” ಎಂದು ಅಂಗಡಿಯವರಿಗೆ ಪರಿಚಯಿಸಿದ. ಅವಳಿಗೆ ನಗು ಬಂತು. ಅಣ್ಣ ಎದುರಿಗಿದ್ದಾಗ ಅವನ ಮೇಲೆ ಸಿಟ್ಟು ನಿಲ್ಲಿಸಿಕೊಳ್ಳುವುದು ಯಾರಿಗೂ ಆಗುತ್ತಿರಲಿಲ್ಲ. ಅದೇ ಅವನ ಬಂಡವಾಳ.

ಅಂಗಡಿಯವರು ನಿಧಾನದ ಮನುಷ್ಯ, ಕತ್ತಿಗೆ ಟಾರ್ಚು ನೇತುಹಾಕಿಕೊಂಡಿದ್ದರು. ಕಾರಿನ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, “ಸರ್, ಬರೀ ಸ್ಪೀಕರ್ ಬದಲಾಯಿಸಿದರೆ ಅರ್ಧ ಕೆಲಸ. ಬಾಗಿಲೊಳಗೆ, ನೆಲಕ್ಕೆ ಸದ್ದು ತಡೆಯೋ ಹಾಳೆ ಅಂಟಿಸಿದರೆ ಒಳಗೆ ಗಲಾಟೆ ಕಮ್ಮಿ ಆಗುತ್ತೆ” ಎಂದರು.

“ಗಲಾಟೆ ಯಾಕೆ ಕಮ್ಮಿ ಆಗಬೇಕು? ಸುಮ್ಮನಿರೋ ಕಾರು ಬೇಕಿದ್ದರೆ ಅದನ್ನೇ ತಗೊಳ್ತಿರಲಿಲ್ವಾ? ಈ ಸದ್ದೂ ಇರಬೇಕು, ಅದರ ಮೇಲೆ ಹಾಡೂ ಕೇಳಬೇಕು.”

ಅಂಗಡಿಯವರು ತಂಗಿಯ ಮುಖ ನೋಡಿದರು. ಅವಳು ಭುಜ ಹಾರಿಸಿದಳು.

ಗಾಜಿನ ಕೋಣೆಯ ಗೋಡೆಯ ತುಂಬ ಸ್ಪೀಕರ್‌ಗಳು, ಕೆಳಗೆ ಸಾಲಾಗಿ ಸ್ವಿಚ್ಚು. ಮೊದಲನೆಯದನ್ನು ಹಾಕಿದಾಗ ಡೋಲಿನ ಪೆಟ್ಟಿಗೆ ಅಣ್ಣನ ಅಂಗಿಯ ತೋಳು ಅದುರಿತು. “ಇದೇ, ಇದೇ ಬೇಕು” ಎಂದ. ತಂಗಿ ಬೇಡವೆಂದಳು. “ನಿನ್ನ ಇಂಜಿನ್ನು ಗುಡುಗೋದೂ ಇದೇ ಜಾಗದಲ್ಲಿ. ಎರಡೂ ಸೇರಿ ರಾಡಿ ಆಗುತ್ತೆ.” ಎರಡನೆಯದು ಚುರುಕಾಗಿತ್ತು, ಆದರೆ ‘ಸ’ಕಾರ ಬಂದಾಗಲೆಲ್ಲ ಕಿವಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಮೂರನೆಯದಕ್ಕೆ ಅವಳು ಹಾಡು ನಿಲ್ಲಿಸಿ, ತನ್ನ ಫೋನಿನಲ್ಲಿದ್ದ ಒಬ್ಬ ಹೆಂಗಸಿನ ಓದನ್ನು ಹಾಕಿಸಿದಳು. ಕಾರನ್ನು ಗಾಜಿನ ಬಾಗಿಲಿನ ಹತ್ತಿರ ತಂದು ಇಂಜಿನ್ ಚಾಲೂ ಇಡಲು ಹೇಳಿದಳು. ಆ ಅಬ್ಬರದ ನಡುವೆಯೂ ಒಂದೊಂದು ಮಾತೂ ಬಿಡಿಬಿಡಿಯಾಗಿ ಬಂತು. ಓದುವವಳು ಪುಟ ತಿರುವಿದ್ದೂ ಕೇಳಿಸಿತು.

“ಇದು” ಎಂದಳು ತಂಗಿ. ತನ್ನ ಕೆಲಸ ಏನೆಂದು ಯಾರಾದರೂ ಕಣ್ಣಾರೆ ನೋಡಿದ್ದು ಇದೇ ಮೊದಲೆನ್ನಿಸಿ ಅವಳ ಮುಖ ಅರಳಿತು. “ಮನುಷ್ಯರ ಧ್ವನಿ ಸರಿಯಾಗಿ ಬಂದರೆ ಉಳಿದದ್ದೆಲ್ಲ ತಾನಾಗಿ ಬರುತ್ತೆ.”

“ನೀನು ಹೇಳಿದ ಮೇಲೆ ಮುಗೀತು” ಎಂದ ಅಣ್ಣ.

ಬಾಗಿಲುಗಳ ಒಳಹಲಗೆ ಬಿಚ್ಚಿ, ತಂತಿ ಎಳೆದು, ಸ್ಪೀಕರ್ ಕೂರಿಸುವಷ್ಟರಲ್ಲಿ ಮಧ್ಯಾಹ್ನ ಇಳಿಯುತ್ತಿತ್ತು. ಇಬ್ಬರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಅಣ್ಣ ಹೊಸ ಇಟಾಲಿಯನ್ ಟೈಲ್ಸ್ ಬಗ್ಗೆ, ಅತ್ತಿಗೆಯ ಮಂಡಿನೋವಿನ ಬಗ್ಗೆ ಮಾತಾಡಿದ. ತಂಗಿ ಸಂದು ಸಿಕ್ಕಾಗೆಲ್ಲ ಅಮ್ಮನ ಮಾತು ತೂರಿಸಿದಳು. ಈಗ ಅಮ್ಮನಿಗೆ ಮೆಟ್ಟಿಲು ಇಳಿಯಲಾಗುವುದಿಲ್ಲ, ಎಡಗಾಲು ಊದಿಕೊಂಡಿದೆ, ಬಾಲ್ಕನಿಯೇ ಅವಳ ಊರು. “ಪಾಪ” ಎಂದ ಅಣ್ಣ, ಗಾಜಿನಾಚೆ ಕಾರನ್ನೇ ನೋಡುತ್ತ. ಅವನು ಮನಸ್ಸಿಟ್ಟೇ ‘ಪಾಪ’ ಎಂದಿದ್ದ. ಆದರೆ ಆ ಮನಸ್ಸು ಅಲ್ಲೇ ಮುಗಿದುಹೋಗಿತ್ತು.

ಕೊನೆಗೆ ಅಂಗಡಿಯವರು ಕರೆದರು. ಅಣ್ಣ ಡ್ರೈವರ್ ಸೀಟಿನಲ್ಲಿ, ತಂಗಿ ಪಕ್ಕದಲ್ಲಿ, ಅಂಗಡಿಯವರು ತೆರೆದ ಬಾಗಿಲಿನ ಬಳಿ ಬಗ್ಗಿ ನಿಂತರು. ಇಂಜಿನ್ ಚಾಲೂ ಇಟ್ಟೇ ಹಾಡು ಹಾಕಿ ನೋಡಿಯಾಯಿತು. ಅಣ್ಣ ಕಣ್ಣು ಮುಚ್ಚಿ ತಲೆದೂಗಿದ. “ಇನ್ನು ಫೋನು ಒಂದು ನೋಡಿಬಿಡಿ” ಎಂದರು ಅಂಗಡಿಯವರು. “ಮೈಕು ಹೊಸದು. ಯಾರಿಗಾದರೂ ಕಾಲ್ ಮಾಡಿ.” ಹಾಡು ಹಾಕಲು ಕಾರಿಗೆ ಜೋಡಿಸಿದ್ದೂ ತಂಗಿಯ ಫೋನನ್ನೇ.

“ಅಮ್ಮನಿಗೇ ಮಾಡು” ಎಂದ ಅಣ್ಣ, ತುಂಟ ಹುಡುಗನ ಹಾಗೆ. “ನಾನಿದ್ದೀನಿ ಅಂತ ಮಾತ್ರ ಹೇಳಬೇಡ.”

ಅಮ್ಮ ಫೋನೆತ್ತಿದಳು. “ಏನು ಪುಟ್ಟೀ?” ಎಂದ ಆ ಧ್ವನಿ ನಾಲ್ಕೂ ಕಡೆಯಿಂದ ಒಟ್ಟಿಗೆ ಬಂದು ಕಾರನ್ನೆಲ್ಲ ತುಂಬಿಕೊಂಡಿತು. ಗಂಟಲಿನ ಒಣಗುವಿಕೆ ಕೂಡ ಕೇಳಿಸುತ್ತಿತ್ತು.

“ಏನಿಲ್ಲಮ್ಮ, ಊಟ ಆಯ್ತಾ ಅಂತ ಕೇಳೋಣ ಅಂದುಕೊಂಡೆ.”

“ಆಯ್ತು. ಎಲ್ಲಿದ್ದೀಯಾ? ಏನದು ಗುರುಗುರು?”

“ಗ್ಯಾರೇಜ್ ಪಕ್ಕ ನಿಂತಿದ್ದೀನಿ.”

ಅಣ್ಣ ಅಂಗಡಿಯವರ ಕಡೆ ತಿರುಗಿ ಮೆಲ್ಲಗೆ, “ಇನ್ನೂ ಒಂಚೂರು ಏರಿಸಿ” ಎಂದ. ಆ ಕಡೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ಸಾವಕಾಶವಾಗಿ ಮಾತು ಶುರುಮಾಡಿದಳು.

“ಒಂದು ಮಾತು ಹೇಳಬೇಕು ಅಂತಿದ್ದೆ, ಎದುರಿಗೆ ಬಾಯಿ ಬರಲ್ಲ. ಇನ್ಮೇಲೆ ಏನಾದರೂ ತಂದರೆ ನಾನು ತಂದೆ ಅಂತಲೇ ಹೇಳು. ಅಣ್ಣ ಕಳಿಸಿದ ಅನ್ನಬೇಡ.”

“ಅಮ್ಮ, ಅದು…”

“ಆ ಚಪ್ಪಲಿ ಹಾಕಿಕೊಂಡಾಗಲೇ ನಗು ಬಂತು. ಎಡಗಾಲು ಊದಿದೆ ಅಂತ ಎಡಗಾಲಿಗೆ ಒಂದು ಸೈಜು ದೊಡ್ಡದು, ಎರಡು ಜೊತೆ ಕೊಂಡು ಸೇರಿಸಿದ ಹಾಗೆ. ನನ್ನ ಕಾಲು ನೋಡದೇ ಇದ್ದೋನಿಗೆ ಅದು ಹೇಗೆ ಗೊತ್ತಾಗುತ್ತೆ? ಶಾಲು ಕೊಟ್ಟ ದಿನವೇ ಗೊತ್ತಿತ್ತು ನನಗೆ. ನಿನ್ನ ಸಮಾಧಾನಕ್ಕೆ ಸುಮ್ಮನಿದ್ದೆ.”

ಫೋನು ತಂಗಿಯ ತೊಡೆಯ ಮೇಲಿತ್ತು. ಕೆಂಪು ಗುರುತು ಒತ್ತಿದ್ದರೆ ಮುಗಿಯುತ್ತಿತ್ತು. ಜೀವಮಾನವೆಲ್ಲ ಕತ್ತರಿಸುವುದನ್ನೇ ಕಲಿತ ಬೆರಳು ಅಲ್ಲೇ ಅಂಗುಲ ದೂರದಲ್ಲಿತ್ತು. ಅವಳು ಒತ್ತಲಿಲ್ಲ. ಕೇಳಿಸಿಕೊಳ್ಳಲಿ ಎಂದು ಅವಳೊಳಗೆ ಯಾರೋ ಹಲ್ಲು ಕಚ್ಚಿ ಹೇಳಿದಂತಾಯಿತು.

“ಅವನನ್ನ ಬೇಡಿಕೋಬೇಡ ಪುಟ್ಟೀ. ಅವನು ಬರೋದೂ ಬೇಡ. ಬರ್ತಾನೆ ಬರ್ತಾನೆ ಅಂತ ಕಾದು ಕಾದು ನಾನು ಸೋತೆ. ಕಾಯೋದು ಬಿಟ್ಟ ಮೇಲೆ ನಿದ್ದೆಯಾದರೂ ಬರ್ತಿದೆ.” ಮತ್ತೆ ಮೌನ. ಏನೋ ಕಾಯುತ್ತಿರುವಂಥ ಮೌನ. ಹೊಸ ಸ್ಪೀಕರ್‌ಗಳಲ್ಲಿ ಅಮ್ಮನ ಉಸಿರು ಏರಿ ಇಳಿಯುವುದು ಕೇಳುತ್ತಿತ್ತು. “ಸರಿ, ಇಡ್ತೀನಿ” ಎಂದು ಅವಳೇ ಫೋನಿಟ್ಟಳು.

ಅಂಗಡಿಯವರು ಬಗ್ಗಿದ್ದವರು ನೆಟ್ಟಗಾಗಿ, ಕೈಯಲ್ಲಿದ್ದ ಬಟ್ಟೆಯಿಂದ ಬಾಗಿಲ ಅಂಚು ಒರೆಸತೊಡಗಿದರು. ತಂಗಿ ಅಣ್ಣನ ಮುಖ ನೋಡುವ ಧೈರ್ಯ ತಂದುಕೊಂಡಳು. ಅದು ಕೆಂಪಾಗಿತ್ತು. ಅಳುತ್ತಾನೇನೋ ಎಂದುಕೊಂಡಳು.

“ಮಾತಿನ ಸದ್ದು ತುಂಬಾ ಎದ್ದು ಹೊಡೀತಿದೆ” ಎಂದ ಅಣ್ಣ ಅಂಗಡಿಯವರಿಗೆ. “ಅದನ್ನ ಇಳಿಸಿ. ಡೋಲು ಜಾಸ್ತಿ ಮಾಡಿ.”

ಅಂಗಡಿಯವರು ಒಳಗೆ ಕೈ ಚಾಚಿ ಪರದೆಯ ಮೇಲೆ ಬೆರಳೆಳೆದರು. ಹಾಡು ಮತ್ತೆ ಶುರುವಾಯಿತು. ಹಾಡುವವನ ಧ್ವನಿ ಹಿಂದೆ ಸರಿದು, ಬಡಿತ ಮುಂದೆ ಬಂತು. “ಈಗ ಸರಿಹೋಯ್ತು” ಎಂದ.

ತಂಗಿ ಸೀಟ್ ಬೆಲ್ಟ್ ಹಾಕಿಕೊಂಡಳು. “ಹೊರಡೋಣವಾ ಅಣ್ಣ? ಅಮ್ಮ ಏನೋ ಬೇಜಾರಲ್ಲಿ ಅಂದಳು. ನಿನ್ನ ಮುಖ ನೋಡಿದರೆ ಎಲ್ಲ ಮರೀತಾಳೆ.”

“ಎಲ್ಲಿಗೆ?” ಅವನು ಅವಳ ಕಡೆ ತಿರುಗಿದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಹೆಗಲ ಮೇಲಿನ ಭಾರ ಇಳಿದವನ ಹಗುರವಿತ್ತು. “ಅವಳೇ ಬೇಡ ಅಂದಳಲ್ಲ. ನಾನು ಬಂದರೆ ಅವಳ ನಿದ್ದೆ ಹಾಳು. ನೀನೇ ಕೇಳಿಸಿಕೊಂಡೆಯಲ್ಲ.”

“ಅವಳು ಹಾಗಲ್ಲ ಅಂದಿದ್ದು.”

“ಹೇಗೆ ಅಂದಿದ್ದು ಮತ್ತೆ? ನಿನ್ನ ಸ್ಪೀಕರೇ ತಾನೇ, ಒಂದೊಂದು ಮಾತೂ ಬಿಡಿಸಿ ಹೇಳ್ತು.” ಸ್ವಲ್ಪ ತಡೆದು, “ನನ್ನ ಹೆಸರಲ್ಲಿ ಸಾಮಾನು ತಂದುಕೊಡು ಅಂತ ನಾನು ಕೇಳಿದ್ನಾ? ನೀನೇ ಏನೇನೋ ಮಾಡಿ ನನ್ನನ್ನ ಕೆಟ್ಟೋನು ಮಾಡಿದೆ” ಎಂದ.

ಬಸ್ ಸ್ಟಾಪಿನವರೆಗೆ ಬಿಡುತ್ತೇನೆ ಎಂದ. ಬೇಡವೆಂದು ಅವಳು ಇಳಿದಳು. ಹಳದಿ ಕಾರು ಶೆಡ್ಡಿನ ತಗಡನ್ನೆಲ್ಲ ನಡುಗಿಸುತ್ತ ಹೋಯಿತು.

ಮನೆಗೆ ಬಂದಾಗ ಅಮ್ಮ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ತಂಗಿ ಮುಖ ತೊಳೆದು ಬಂದು ಪಕ್ಕದಲ್ಲಿ ಕೂತಳು. ಅಮ್ಮ ತಲೆ ಎತ್ತದೆ ಕೇಳಿದಳು.

“ಆಮೇಲೆ ಏನಂದ?”

“ಯಾರು?”

“ಏರಿಸಿ ಅಂದನಲ್ಲ, ಅವನು. ನನ್ನ ಮಗನ ಧ್ವನಿ ನನಗೆ ಗೊತ್ತಾಗಲ್ವಾ?”

“ಗೊತ್ತಿದ್ದೂ ಹಾಗೆ ಹೇಳಿದೆಯಾ?”

ಅಮ್ಮ ದಿಂಬಿನ ಕವರನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. “ಅಷ್ಟು ಗಡುಸಾಗಿ ಹೇಳಿದರೆ ತಡೀಲಾರದೆ ನಡುವೆ ಬಾಯಿ ಹಾಕ್ತಾನೆ ಅಂದುಕೊಂಡೆ. ಇಲ್ಲಮ್ಮ, ಬರ್ತೀನಿ ಅಂತಾನೆ ಅಂತ. ಕಾದೆ. ಏನೂ ಅನ್ನಲಿಲ್ಲ. ಫೋನಿಟ್ಟ ಮೇಲಾದರೂ ಏನಾದರೂ ಅಂದನಾ?”

ಅತ್ತುಬಿಟ್ಟ, ಮಾತೇ ಹೊರಡಲಿಲ್ಲ ಅವನಿಗೆ ಎನ್ನುವ ವಾಕ್ಯ ತಂಗಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಯಾವ ಧ್ವನಿಯಲ್ಲಿ ಹೇಳಿದರೆ ನಿಜದಂತೆ ಕೇಳುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಆದರೆ ಎದುರಿಗೆ ಕೂತವಳು ಶಾಲಿನ ದಿನದಿಂದ ಎಲ್ಲವನ್ನೂ ತಿಳಿದು ಸುಮ್ಮನಿದ್ದವಳು.

“ಮಾತಿನ ಸದ್ದು ಇಳಿಸಿ ಅಂದ” ಎಂದಳು.

ಅಮ್ಮ ಹೂಂಗುಟ್ಟಿದಳು. ಬಟ್ಟೆಯ ಗಂಟನ್ನು ಮಗಳ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಆ ಸಂಜೆ ಅವಳು ರೇಡಿಯೋ ಹಾಕಲಿಲ್ಲ.

ವಾರ ಕಳೆಯುವುದರೊಳಗೆ ನೆಂಟರ ಫೋನುಗಳು ಶುರುವಾದವು. ಚಿಕ್ಕಮ್ಮ, ಸೋದರಮಾವ, ಕೊನೆಗೆ ಅತ್ತಿಗೆ. ಎಲ್ಲರ ಬಾಯಲ್ಲೂ ಒಂದೇ ಮಾತು. ಮನೆಗೆ ಕಾಲಿಡಬೇಡ ಅಂತ ಹೆತ್ತ ತಾಯಿಯೇ ಅಂದರಂತೆ, ಪಾಪ, ಅವನು ಎಷ್ಟು ನೊಂದುಕೊಂಡಿದ್ದಾನೆ ಗೊತ್ತಾ? ತಂಗಿ ಒಂದೆರಡು ಸಲ ವಿವರಿಸಲು ಹೋದಳು. “ಅಂದಿದ್ದು ಹೌದೋ ಅಲ್ವೋ?” ಎಂದು ಅವರು ಕೇಳಿದರೆ ಹೌದು ಎನ್ನಬೇಕಾಗುತ್ತಿತ್ತು. ಆಮೇಲೆ ವಿವರಿಸುವುದನ್ನು ಬಿಟ್ಟಳು.

ಚಳಿ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಕೆಳಗೆ ಬೀದಿಯಲ್ಲಿ ಆ ಸದ್ದು ಬಂದು ನಿಂತಿತು. ಅಮ್ಮ ಬಾಲ್ಕನಿಯಲ್ಲೇ ಇದ್ದಳು. ಅಣ್ಣ ಇಂಜಿನ್ ಆರಿಸದೆ ತಂಗಿಗೆ ಫೋನು ಮಾಡಿದ. “ಏ ಕಿವಿ, ಒಂದು ನಿಮಿಷ ಕೆಳಗೆ ಬಾ. ಸ್ಪೀಕರ್ ಯಾಕೋ ಒಡೆದ ಹಾಗೆ ಕೇಳ್ತಿದೆ. ಏನಾಗಿದೆ ನೋಡು.”

“ನೀನು ಮೇಲೆ ಬಾ.”

“ಗಾಡಿ ನಿಲ್ಲಿಸೋಕೆ ಜಾಗ ಇಲ್ಲ ಇಲ್ಲಿ.”

ತಂಗಿ ಬಾಲ್ಕನಿಯಿಂದ ಬಗ್ಗಿ ನೋಡಿದಳು. ಬೀದಿಯ ಎರಡೂ ಕಡೆ ಖಾಲಿಯಿತ್ತು. ಅವನು ಗಾಜಿನೊಳಗೆ ಕೂತು ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತಿದ್ದ. ಮೇಲೆ ನೋಡಲಿಲ್ಲ.

“ನನಗೂ ಏನೂ ಕೇಳಿಸಲ್ಲ ಅಣ್ಣ” ಎಂದು ಫೋನಿಟ್ಟಳು.

ಅವನು ಇನ್ನೊಂದು ಸ್ವಲ್ಪ ಹೊತ್ತು ಕಾದು, ಹಾರ್ನ್ ಹೊಡೆದು, ಹೊರಟುಹೋದ. ಅಮ್ಮ ಕಂಬಿ ಹಿಡಿದು ನಿಂತೇ ಇದ್ದಳು. ಕಾರು ತಿರುವು ದಾಟಿತು, ಮಾರ್ಕೆಟ್ಟಿನ ರಸ್ತೆ ಹಿಡಿಯಿತು. ಆದರೂ ಸದ್ದು ಇನ್ನೂ ಬರುತ್ತಲೇ ಇತ್ತು.

“ಮಗು ತೆಳ್ಳಗಾಗಿದ್ದಾನಾ?” ಎಂದು ಕೇಳಿದಳು. “ನನಗೆ ಇಲ್ಲಿಂದ ಕಾಣಿಸಲಿಲ್ಲ.”