ಬಹರೈನಿನಲ್ಲಿ ಉಳಿದ ಬೆಲ್ಟು

ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲ. ಸುಡು ಬಿಸಿಲು. ಆದರೂ ಬಿಜೂರಿನ ತಿರುವಿನಲ್ಲಿ ಲೀಲಾಧರನ ಕೆಂಪು ಕಾರಿನ ವೈಪರು ಎರಡೂ ಸರಬರ ಓಡತೊಡಗಿದವು!

ಬಸ್‌ಸ್ಟಾಪಿನಲ್ಲಿ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹ್ವಾಯ್ ಲೀಲಾಧರಣ್ಣ, ಮಳಿ ಎಲ್ಲ್ ಬತ್ತಾ ಇತ್ತ್?”

ಪಕ್ಕದ ಸೀಟಿನಲ್ಲಿದ್ದ ಅವನ ಹೆಂಡತಿ, ಬಾಗಿ ಎಂದು ಹೆಸರು, ಅವರೆಲ್ಲರಿಗಿಂತ ಜೋರಾಗಿ ನಕ್ಕಳು. ಆದದ್ದು ಇಷ್ಟೇ. ಲೀಲಾಧರ ಇಂಡಿಕೇಟರ್ ಹಾಕಲು ಹೋಗಿದ್ದ. ಬಹರೈನಿನಲ್ಲಿ ಅವನು ಓಡಿಸುತ್ತಿದ್ದ ವ್ಯಾನಿನಲ್ಲಿ ಇಂಡಿಕೇಟರಿನ ಕಡ್ಡಿ ಸ್ಟೇರಿಂಗಿನ ಎಡಕ್ಕಿತ್ತು. ಈ ಕಾರಿನಲ್ಲಿ ಎಡಕ್ಕಿರುವುದು ವೈಪರಿನ ಕಡ್ಡಿ. ಕೈಗೆ ಇನ್ನೂ ಊರಿಗೆ ಬಂದದ್ದು ಗೊತ್ತಾಗಿರಲಿಲ್ಲ.

ಬಾಗಿಗೆ ಆಗ ಎಲ್ಲದಕ್ಕೂ ನಗು. ಏಕೆ ಅಂತೀರಿ? ಗಂಡ ಬಂದಿದ್ದ! ರಜೆಗಲ್ಲ, ಪೂರ್ತಿಯಾಗಿ ಬಂದಿದ್ದ. ಇಪ್ಪತ್ತೇಳು ವರ್ಷ ಬಹರೈನಿನ ಒಂದು ಬೇಕರಿಯಲ್ಲಿ ಬ್ರೆಡ್ಡಿನ ವ್ಯಾನು ಓಡಿಸಿ, ವಯಸ್ಸಾಯಿತೆಂದು ನಿವೃತ್ತನಾಗಿ ಬಂದಿದ್ದ. ಎರಡು ವರ್ಷಕ್ಕೊಮ್ಮೆ ಬಂದು, ಪೆಟ್ಟಿಗೆ ಬಿಚ್ಚಿ ಮುಗಿಯುವುದರೊಳಗೆ ಮತ್ತೆ ಕಟ್ಟಿ ಹೊರಡುತ್ತಿದ್ದ ಮನುಷ್ಯ. ಅವಳು ಗಂಡನ ಮುಖ ಕಂಡದ್ದಕ್ಕಿಂತ ಫೋನಿನಲ್ಲಿ ಸ್ವರ ಕೇಳಿದ್ದೇ ಹೆಚ್ಚು. ಮೀನು ಮಾರಲು ಬಂದ ಜಲಜಕ್ಕನ ಹತ್ತಿರವೂ ಅವಳದು ಅದೇ ಮಾತು.

“ನಮ್ಮನಿಯವ್ರ್ ಇನ್ ವಾಪಾಸ್ ಹೋತಿಲ್ಲೆ, ಗೊತ್ತಿತ್ತಾ? ಇನ್ ಮುಂದೆ ದಿನಾ ಎರಡ್ ಬಂಗ್ಡಿ ಹೆಚ್ಚಿಗೆ ಹಾಕ್!”

ಬಂದವನೇ ಲೀಲಾಧರ ಸೆಕೆಂಡ್ ಹ್ಯಾಂಡ್ ಕಾರು ತೆಗೆದ. ಸರಿ, ಶುರುವಾಯಿತು ಸವಾರಿ! ಇವತ್ತು ಬೈಂದೂರು ಪೇಟೆ, ನಾಳೆ ಕುಂದಾಪುರ, ನಾಡಿದ್ದು ಬ್ರಹ್ಮಾವರದ ತಂಗಿ ಮನೆ. ಅಷ್ಟು ವರ್ಷ ಬಸ್ಸಿನಲ್ಲಿ ನೇತಾಡಿಕೊಂಡು ಹೋದ ಬಾಗಿ ಈಗ ಮುಂದಿನ ಸೀಟಿನಲ್ಲಿ ಕೂತು ಕಂಡವರಿಗೆಲ್ಲ ಕೈ ಬೀಸುವಳು.

ಒಂದು ಸಂಜೆ ನೆರೆಮನೆಯ ಶೇಖರ ಚಾಗೆ ಬಂದ. ಶೇಖರನೂ ಗಲ್ಫಿನವನೇ. ಮಸ್ಕತ್ತಿನಿಂದ ನಿವೃತ್ತನಾಗಿ ಬಂದು, ಈಗ ಬೈಂದೂರಿನ ಒಂದು ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದ. ಲೀಲಾಧರನ ಬಾಲ್ಯದ ಗೆಳೆಯ. ಮಾತಿನಲ್ಲಿ ಮುಲಾಜು ಇಲ್ಲದ ಆಸಾಮಿ.

“ಲೀಲಾಧರ, ಬಿಸ್ಲಲ್ಲ್ ವೈಪರ್ ಹಾಕದ್ ತಮಾಷಿ ಆಯ್ತ್. ಅದೇ ಕೈ ಒಂದಿನ ಕಾರನ್ನೂ ಬಲಕ್ಕ್ ಎಳದ್ರೆ ಎಂತ ಮಾಡ್ತೆ?”

ಲೀಲಾಧರನ ಮೀಸೆ ಕುಣಿಯಿತು. “ಇಪ್ಪತ್ತೇಳ್ ವರ್ಷ ಗಾಡಿ ಬಿಟ್ಟವ ನಾನ್. ಗಾಡಿಗ್ ಒಂದ್ ಗೀರೂ ಬೀಳ್ಲಿಲ್ಲೆ. ನಂಗೆ ಕಲಿಸುಕೆ ಬಂದ್ಯಾ?”

“ಅಷ್ಟ್ ಲಾಯ್ಕ್ ಕಲ್ತದ್ದೇ ತೊಂದ್ರಿ ಮಾರಾಯಾ! ಅಲ್ಲ್ ಬಲಬದಿ, ಇಲ್ಲ್ ಎಡಬದಿ. ಮುಂದೆ ನಾಕ್ ಗಾಡಿ ಇದ್ರೆ ಎಂತ ತೊಂದ್ರಿ ಇಲ್ಲೆ, ಅವ್ರ್ ಹಿಂದೆ ಹೋತೆ. ರಸ್ತಿ ಖಾಲಿ ಇದ್ರೇ ಕೈ ಹಳೇ ದಾರಿ ಹಿಡಿತ್ತ್. ಪೆಟ್ರೋಲ್ ಬಂಕಿಂದ ಹೊರಗ್ ಬಪ್ಪತಿಗೆ, ತಿರುಗತಿಗೆ, ಗಡಿಬಿಡಿಯಂಗೆ ಇಪ್ಪತಿಗೆ. ಒಂದ್ ಹದ್ನೈದ್ ದಿನ ನಂಜೊತಿ ಪ್ರಾಕ್ಟೀಸ್ ಮಾಡ್. ಮತ್ತೆ ಇಲ್ಲಿನ ಲೈಸನ್ಸ್ ಇತ್ತಾ ಇಲ್ಯಾ? ಬಹರೈನಿನದ್ ತೋರ್ಸ್‌ರೆ ಇಲ್ಲ್ ನಡಿತಿಲ್ಲೆ.”

“ಇತ್ತ್, ಇತ್ತ್. ರಿನೀವಲ್ ಮಾಡ್ಸುಕೆ ಬಾಕಿ, ಅಷ್ಟೇ.”

“ಬೆಲ್ಟ್ ಎಂತಕೆ ಹಾಕುದಿಲ್ಲೆ?”

“ಅಲ್ಲ್ ಹಾಕ್ದೇ ಇದ್ರೆ ಫೈನ್. ಇಲ್ಲ್ ಯಾರ್ ಕೇಂತ್ರ್? ಊರಿಗ್ ಬಂದದ್ದೇ ಆರಾಮಾಗಿ ಇಪ್ಪುಕೆ!”

ಬಾಗಿಯೂ ಗಂಡನ ಪಕ್ಷವೇ ಹಿಡಿದಳು. “ಅದ್ ಹಾಕಂಡ್ರೆ ಸೀರಿ ಪೂರಾ ಸುಕ್ಕ್ ಆತ್ತ್, ಶೇಖರಣ್ಣ. ಇಲ್ಲೇ ಬೈಂದೂರಿಗ್ ಹೋಯಿ ಬಪ್ಪುಕೆ ಅದೆಲ್ಲ ಎಂತಕೆ?”

“ಶುಗರಿನ ಮಾತ್ರಿ ಆದ್ರೂ ತಕಂತ್ಯಾ?” ಎಂದು ಶೇಖರ ಕೊನೆಗೆ ಕೇಳಿದ.

“ಅದೆಲ್ಲ ಕಂಪೆನಿ ಡಾಕ್ಟರ್ ಕಾಟಕ್ಕೆ ನುಂಗದ್. ಊರ್ ನೀರ್ ಕುಡ್ದ್, ಕುಚ್ಲಕ್ಕಿ ಗಂಜಿ ಉಂಡ್ರೆ ಎಲ್ಲ ಸಮ ಆತ್ತ್!”

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಶೇಖರ ಚಾ ಕುಡಿದು ಎದ್ದು ಹೋದ.

ಆ ವಾರವೇ ಮುಂಬಯಿಯಿಂದ ಮಗಳು ದಿವ್ಯಾ ಬರುವವಳಿದ್ದಳು, ಜೊತೆಗೆ ನಾಲ್ಕು ವರ್ಷದ ಮೊಮ್ಮಗಳು ಶರಣ್ಯಾ. ಅಜ್ಜ ಊರಲ್ಲೇ ಇರುವ ಮೊದಲನೇ ರಜೆ ಅದು! ಬಾಗಿಗೆ ಕಾಲು ನೆಲದ ಮೇಲೆ ನಿಲ್ಲದು. ರೈಲು ಬೈಂದೂರಿಗೆ ಬರುವುದು ಬೆಳಗಿನ ಜಾವ. ಅವಳು ಕೋಳಿ ಕೂಗುವ ಮೊದಲೇ ಎದ್ದು, ಮಿಂದು, ಹೊಸ ಸೀರೆ ಉಟ್ಟು ಕಾರಿನ ಹತ್ತಿರ ನಿಂತಿದ್ದಳು.

“ಹ್ವಾಯ್, ಬೇಗ ಹೊರ್ಡಿ! ಮಕ್ಕಳ್ ಬಂದ್ ಸ್ಟೇಶನ್ನಂಗೆ ಕಾಯುಕಾಗ!”

ದಾರಿಯಲ್ಲಿ ಬಂಕಿಗೆ ಹೋಗಿ ಪೆಟ್ರೋಲು ಹಾಕಿಸಿದರು. ಅಷ್ಟರಲ್ಲಿ ದಿವ್ಯಾಳ ಫೋನು ಬಂತು. ರೈಲು ಭಟ್ಕಳ ಬಿಟ್ಟಿದೆಯಂತೆ! ಲೀಲಾಧರ ಗಡಿಬಿಡಿಯಲ್ಲಿ ಗಾಡಿ ಹೊರಡಿಸಿದ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ವರ್ಷ ಅದು. ಬದಿಯಲ್ಲಿ ಜಲ್ಲಿ ರಾಶಿ, ನಡುವೆ ಡಿವೈಡರ್ ಇಲ್ಲ. ಆಗಷ್ಟೇ ಬೆಳಕು ಹರಿಯುತ್ತಿತ್ತು. ರಸ್ತೆ ಖಾಲಿ ಖಾಲಿ.

ಬಾಗಿ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದಳು. ಬರುವಾಗ ಶರಣ್ಯಾಳನ್ನು ಮುಂದಿನ ಸೀಟಿನಲ್ಲಿ ತನ್ನ ಮಡಿಲ ಮೇಲೆ ಕೂರಿಸಿಕೊಳ್ಳುವುದು, ದಾರಿಯುದ್ದಕ್ಕೂ ಊರು ತೋರಿಸುವುದು, ಮನೆಗೆ ಮುಟ್ಟಿದ ಕೂಡಲೇ ಬಿಸಿ ನೀರ್‌ದೋಸೆ ಎರೆಯುವುದು. ಕಾರು ರಸ್ತೆಯ ಯಾವ ಬದಿಯಲ್ಲಿದೆ ಎಂದು ಅವಳು ಕಾಣಲೇ ಇಲ್ಲ. ಲೀಲಾಧರನೂ ಕಾಣಲಿಲ್ಲ. ಬಂಕಿನಿಂದ ಹೊರಗೆ ತಿರುಗುವಾಗ ಅವನ ಕೈ ತಾನಾಗಿ ಕಾರನ್ನು ಬಲಬದಿಗೆ ತಂದು ನೇರ ಮಾಡಿತ್ತು.

ತಿರುವು ಕಳೆಯಿತು. ಎದುರಿಗೆ ಎರಡು ದೀಪ! ಮೀನಿನ ಟೆಂಪೊ, ಸೀದಾ ಇವರ ಮೂತಿಗೇ!

“ಹ್ವಾಯ್!” ಎಂದು ಬಾಗಿ ಕಿರುಚಿದಳು. ಟೆಂಪೊದವನು ತಪ್ಪಿಸಿಕೊಳ್ಳಲು ತನ್ನ ಎಡಕ್ಕೆ ಎಳೆದ. ಲೀಲಾಧರ, ಅಷ್ಟು ವರ್ಷದ ಅಭ್ಯಾಸ ನೋಡಿ, ತನ್ನ ಬಲಕ್ಕೆ ಎಳೆದ. ಇಬ್ಬರೂ ಹೋದದ್ದು ಒಂದೇ ಬದಿಗೆ! ಟೆಂಪೊದ ಬ್ರೇಕು ಕಿರ್ರೋ ಎಂದಿತು. ಕಾರು ಕೂದಲೆಳೆಯಲ್ಲಿ ಅದನ್ನು ತಪ್ಪಿಸಿ, ಜಲ್ಲಿ ರಾಶಿಗೆ ಹೋಗಿ ದಢಾರನೆ ಬಡಿಯಿತು.

ಬಾಗಿಯ ಹಣೆ ಮುಂದಿನ ಗಾಜಿಗೆ ಹೊಡೆಯಿತು. ಕಣ್ಣಿಗೆ ಕತ್ತಲೆ ಬಂತು. ಕೈ ಹಣೆಗೆ ಹೋದರೆ ಬೆಚ್ಚಗೆ ರಕ್ತ.

ಟೆಂಪೊದವನು ಇಳಿದು ಓಡಿ ಬಂದ. “ಸಾಯುಕೆ ಹೊರ್ಟದ್ದಾ ನೀವ್? ಯಾವ್ ಬದಿಯಂಗ್ ಬತ್ತಾ ಇದ್ರಿ, ಗೊತ್ತಿತ್ತಾ?” ಎಂದು ಬೈದ. ಬೈಯುತ್ತಲೇ ಬಾಗಿಯನ್ನು ಹಿಡಿದು ಇಳಿಸಿದ, ತನ್ನ ಟೆಂಪೊದಲ್ಲೇ ಇಬ್ಬರನ್ನೂ ಬೈಂದೂರಿನ ಆಸ್ಪತ್ರೆಗೆ ಮುಟ್ಟಿಸಿದ. ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ!

ಬಾಗಿಯ ಹಣೆಗೆ ಹೊಲಿಗೆ ಬಿತ್ತು. ಲೀಲಾಧರನ ಎದೆಗೆ ಸ್ಟೇರಿಂಗು ಒತ್ತಿ ನೋವು. ಡಾಕ್ಟರು ಅವನ ರಕ್ತ ಪರೀಕ್ಷೆ ಮಾಡಿಸಿದರೆ ಶುಗರು ಆಕಾಶಕ್ಕೇರಿತ್ತು. “ಯಾರನ್ನು ಕೇಳಿ ಮಾತ್ರೆ ಬಿಟ್ಟಿರಿ? ಶುಗರ್ ಹೀಗೆ ಏರಿದರೆ ಕಣ್ಣು ಮಂಜಾಗುತ್ತದೆ. ಕಣ್ಣು ಕಾಣದೆ ಗಾಡಿ ಓಡಿಸುತ್ತೀರಾ?” ಎಂದು ಡಾಕ್ಟರು ಗದರಿದರು.

ಶೇಖರನಿಗೆ ಫೋನು ಹೋಯಿತು. ಅವನು ಸ್ಟೇಶನ್ನಿಗೆ ಓಡಿ, ದಿವ್ಯಾ ಮತ್ತು ಮಗುವನ್ನು ಕರೆದುಕೊಂಡು ಆಸ್ಪತ್ರೆಗೆ ಬಂದ. ಶರಣ್ಯಾ ಅಜ್ಜಿಯ ಹಣೆಯ ಬಟ್ಟೆ ಕಂಡು ಅಮ್ಮನ ಹಿಂದೆ ಅಡಗಿದಳು. ಎಷ್ಟು ಕರೆದರೂ ಹತ್ತಿರ ಬರಲಿಲ್ಲ.

ಲೀಲಾಧರ ಆಗಲೂ ಬಿಟ್ಟುಕೊಡಲಿಲ್ಲ. “ಆ ಟೆಂಪೊದವ್ನೇ ಸ್ಪೀಡ್ ಬಂದದ್. ಅಂವ ನಿಧಾನ ಬಂದಿರೆ ನಾನ್ ತಪ್ಪಿಸ್ತಿದ್ದೆ.”

ಶೇಖರ ಏನೋ ಹೇಳಲು ಬಾಯಿ ತೆರೆದ. ಅವನಿಗಿಂತ ಮೊದಲು ಬಾಗಿ ಎದ್ದು ಕೂತಳು. ಅವಳ ಕಣ್ಣ ಮುಂದೆ ಒಂದೇ ಒಂದು ಚಿತ್ರ. ಹೋಗುವಾಗ ಆದದ್ದು ಬರುವಾಗ ಆಗಿದ್ದರೆ? ಆ ಗಾಜಿನ ಮುಂದೆ ಮಡಿಲಲ್ಲಿ ಶರಣ್ಯಾ ಇರುತ್ತಿದ್ದಳು.

“ಒಂದ್ ಮಾತ್ ಕೇಂತೆ, ಹೇಳಿ. ಬಹರೈನಲ್ಲ್ ಬೆಲ್ಟ್ ಹಾಕ್ದೇ ಒಂದಿನ ಗಾಡಿ ಬಿಟ್ಟಿದ್ರಿಯಾ?”

“ಇಲ್ಲೆ.”

“ಎಂತಕೆ?”

“ಫೈನ್ ಹಾಕ್ತ್ರ್ ಅಲ್ದಾ.”

“ಮಾತ್ರಿ ಎಂತಕೆ ತಕಂತಿದ್ರಿ?”

“ಕಂಪೆನಿ ಬಿಡ್ತಿರ್ಲಿಲ್ಲೆ.”

“ಅಲ್ಲ್ ಫೈನಿಗ್ ಹೆದ್ರದ್ರಿ, ಕಂಪೆನಿಗ್ ಹೆದ್ರದ್ರಿ. ಇಲ್ಲ್ ಯಾರ್ ಕೇಂತ್ರ್ ಅಂದ್ರಿ. ಹ್ವಾಯ್, ನಾನ್ ಕೇಂತೆ! ಇಪ್ಪತ್ತೇಳ್ ವರ್ಷ ನಿಮ್ ದಾರಿ ಕಾಯ್ದವ್ಳ್ ನಾನ್. ನಂಗೆ ಒಂದ್ ಫೈನಿನಷ್ಟೂ ಬೆಲೆ ಇಲ್ಯಾ?”

ಅಷ್ಟು ಹೇಳಿ ಅವಳು ಅತ್ತುಬಿಟ್ಟಳು. ಲೀಲಾಧರನ ಮುಖ ಬಿಳುಚಿತು. ಬಾಗಿ ಅವನ ಮುಂದೆ ಅಳುವುದನ್ನು ಅವನು ವಿಮಾನ ನಿಲ್ದಾಣದಲ್ಲಿ ಎಷ್ಟೋ ಸಲ ಕಂಡಿದ್ದ. ಆದರೆ ಈ ಅಳು ಬೇರೆ. ಅವನು ಹೆಂಡತಿಯ ಕೈ ಹಿಡಿದುಕೊಂಡ.

ಶೇಖರ ಮೆಲ್ಲಗೆ ಹೇಳಿದ. “ಕಾಣ್ ಮಾರಾಯಾ. ಬೆಲ್ಟ್, ಮಾತ್ರಿ, ಜನ ದಾಟತಿಗೆ ಗಾಡಿ ನಿಲ್ಸುದ್, ಇದೆಲ್ಲ ಅಲ್ಲಿಂದ ಹೊತ್ಕಂಡ್ ಬರ್ಬೇಕಿತ್ತ್. ಅದನ್ನ ಅಲ್ಲೇ ಬಿಟ್ಟೆ. ಬಲಬದಿ ಹೋಪುದ್ ಅಲ್ಲೇ ಬಿಟ್ಟ್ ಬರ್ಬೇಕಿತ್ತ್. ಅದನ್ನ ತಕಂಡ್ ಬಂದೆ.”

“ತಪ್ಪ್ ನಂದೇ,” ಎಂದ ಲೀಲಾಧರ. “ನಾಳಿಂದ ಕಲಿಸ್.”

ಕೆಟ್ಟ ಮೇಲೆ ಬುದ್ಧಿ ಬಂತು ನಿಜ. ಆದರೂ ಬಂತಲ್ಲ! ಇಪ್ಪತ್ತೇಳು ವರ್ಷದ ಡ್ರೈವರು ‘ಎಲ್’ ಬೋರ್ಡಿನ ಕಾರಿನಲ್ಲಿ ಕೂತ. ಊರವರು ನಕ್ಕರು, ನಗಲಿ. ಲೈಸನ್ಸು ರಿನೀವಲ್ ಆಯಿತು, ಇನ್ಶೂರೆನ್ಸು ಸರಿಯಾಯಿತು, ಕಣ್ಣಿನ ಪರೀಕ್ಷೆ ಮಾಡಿಸಿ ಹೊಸ ಕನ್ನಡಕ ಬಂತು. ಶುಗರಿನ ಮಾತ್ರೆಗೆ ಬಾಗಿಯೇ ಕಾವಲು.

ಶೇಖರ ಒಂದು ಸುಲಭದ ಉಪಾಯ ಹೇಳಿಕೊಟ್ಟ. ಅದನ್ನು ಕೇಳಿ ಬಾಗಿಗೆ ಭಾರೀ ಖುಷಿ.

“ಅತ್ತಿಗೆ, ಡ್ರೈವರ್ ಯಾವತ್ತೂ ರಸ್ತಿ ನಡು ಬದಿಗ್ ಇರ್ಬೇಕ್, ಪಕ್ಕದ್ ಸೀಟಿನವ್ರ್ ಯಾವತ್ತೂ ಅಂಚಿಗ್ ಇರ್ಬೇಕ್. ಅಲ್ಲೂ ಹಂಗೇ, ಇಲ್ಲೂ ಹಂಗೇ. ನಿಮ್ ಕಿಟಕಿ ಹತ್ರ ಹುಲ್ಲ್, ಬೇಲಿ, ತೆಂಗಿನ್ ಮರ ಕಂಡ್ರೆ ಸಮ. ರಸ್ತಿ ನಡು ಕಂಡ್ರೆ ಬೊಬ್ಬಿ ಹಾಕಿ!”

“ಬೊಬ್ಬಿ ಹಾಕುದಾ? ಅದ್ ನಂಗೆ ಯಾರೂ ಕಲಿಸುದ್ ಬ್ಯಾಡ!” ಎಂದಳು ಬಾಗಿ.

ಅಂದಿನಿಂದ ಪ್ರತಿ ತಿರುವಿನಲ್ಲೂ ಬಾಗಿಯ ಕೂಗು, “ಎಡ, ಎಡ!” ರಸ್ತೆ ದಾಟುವಾಗಲೂ ಅಷ್ಟೇ. ಲೀಲಾಧರನ ಕತ್ತು ಹಳೇ ರೂಢಿಯಂತೆ ಎಡಕ್ಕೆ ತಿರುಗಿದರೆ, ಅವಳು ಗಲ್ಲ ಹಿಡಿದು ತಿರುಗಿಸುವಳು. “ಮೊದ್ಲ್ ಬಲಕ್ಕ್ ಕಾಣಿ. ಮತ್ತೆ ಎಡಕ್ಕ್. ಮತ್ತೊಂದ್ ಸಲ ಬಲಕ್ಕ್. ಆಮೇಲೆ ಹೆಜ್ಜಿ!”

ಕಾರು ರಿಪೇರಿಯಾಗಿ ಬಂತು. ಮಗಳ ರಜೆ ಮುಗಿಯುವ ಮೊದಲು ಎಲ್ಲರೂ ಮರವಂತೆಗೆ ಹೊರಟರು. ದಿವ್ಯಾ ಮತ್ತು ಶರಣ್ಯಾ ಹಿಂದಿನ ಸೀಟಿನಲ್ಲಿ, ಅಮ್ಮನಿಗೂ ಮಗಳಿಗೂ ಬೆಲ್ಟು. ಬಾಗಿ ಹೊಸ ಸೀರೆಯ ಮೇಲೆ ಟಕ್ಕನೆ ಬೆಲ್ಟು ಹಾಕಿಕೊಂಡಳು. ಸುಕ್ಕು ಬಿತ್ತು. ಬೀಳಲಿ ಎಂದಳು.

ಮರವಂತೆ ಬಂತು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಶರಣ್ಯಾ ಕುಣಿದಳು. “ಅಜ್ಜಿ, ಕಡಲ್ ಕಾಣ್!”

ಬಾಗಿ ತನ್ನ ಕಿಟಕಿಯಿಂದ ಹೊರಗೆ ಕಂಡಳು. ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹೊಳೆ ಹೊಳೆಯುತ್ತಿತ್ತು. ಕಡಲು ಇದ್ದದ್ದು ರಸ್ತೆಯ ಆಚೆ, ಗಂಡನ ಬದಿಗೆ. ಅವಳಿಗೆ ತಡೆಯಲಾರದಷ್ಟು ನಗು ಬಂತು.

“ಹೋಪತಿಗೆ ನಂಗೆ ಹೊಳಿ, ಬಪ್ಪತಿಗೆ ಕಡಲ್! ಹೋಪತಿಗೇ ಕಡಲ್ ಹತ್ರ ಬಂದ್ರೆ ನಿಮ್ಮಜ್ಜ ಮತ್ತೆ ಬಹರೈನಿಗ್ ಹೊರ್ಟ್ರ್ ಅಂದೇಳಿ ಲೆಕ್ಕ!”

ಲೀಲಾಧರ ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದು, ಎಡಬದಿ ಬಿಡದೆ, ನಿಧಾನಕ್ಕೆ ಓಡಿಸಿದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಪರದೇಶದಲ್ಲಿ ದುಡಿದು, ನಿವೃತ್ತರಾಗಿ ಬಂದವರು ಇರಬಹುದು. ಅವರಿಗೆ ಬಂದ ದಿನವೇ ಗಾಡಿಯ ಕೀ ಕೊಡಬೇಡಿ. ತಿಳಿದವರ ಜೊತೆ ಕೆಲವು ದಿನ ಅಭ್ಯಾಸ ಮಾಡಿಸಿ. ಲೈಸನ್ಸು, ಕಣ್ಣು, ಬೀಪಿ, ಶುಗರು ಎಲ್ಲ ನೋಡಿಸಿ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಲು ಬಿಡಬೇಡಿ. ಕಾರಾದರೆ ಬೆಲ್ಟು, ಸ್ಕೂಟರಾದರೆ ಹಿಂದೆ ಕೂತವರಿಗೂ ಹೆಲ್ಮೆಟ್. ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಕೂರಿಸಲೇಬೇಡಿ. ಖಾಲಿ ರಸ್ತೆ ಕಂಡರೆ ಇನ್ನಷ್ಟು ಎಚ್ಚರ!

ನಿವೃತ್ತರಾಗಿ ಬಂದ ಹಿರಿಯರೇ, ನಿಮಗೂ ಒಂದು ಮಾತು. ಸಮುದ್ರ ದಾಟಿ ಕ್ಷೇಮವಾಗಿ ಬಂದಿದ್ದೀರಿ. ಪೇಟೆಗೆ ಹೋಗಿಯೂ ಹಾಗೆಯೇ ಬನ್ನಿ. ಇಲ್ಲಿ ಯಾರು ಕೇಳುತ್ತಾರೆ ಎಂದು ಮಾತ್ರ ಹೇಳಬೇಡಿ. ಕೇಳುವವರು ಮನೆ ಬಾಗಿಲಲ್ಲಿ ನಿಂತಿದ್ದಾರೆ.